ವಾಯೇಜರ್‌ನಲ್ಲಿ ನಮ್ಮ ಕನ್ನಡದ ಜೊತೆ ಹೋದ ಆ ಕೊಳಲು ಯಾರದ್ದು?

ಹೊಸಕೆರೆಹಳ್ಳಿ ಹುಡುಗ
ಮಗಳ ಶಾಲೆಯ ಪ್ರಾಜೆಕ್ಟಿಗೆ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆ (ಗ್ರಾಮಾಫೋನ್ ರೆಕಾರ್ಡು) ಬಗ್ಗೆ ಹುಡುಕ್ತಾ ಕೂತಿದ್ದೆ. ಅದರಲ್ಲಿ 55 ಭಾಷೆಯ ಶುಭಾಶಯ ಇದೆ, ಕನ್ನಡವೂ ಇದೆ ಅಂತ ವಾಟ್ಸಾಪ್‌ನಲ್ಲಿ ವರ್ಷಕ್ಕೊಂದ್ಸಲ ಓಡಾಡ್ತಿರುತ್ತಲ್ಲ, ಅದೇ. ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.’ ಮಗಳು ಎರಡು ಸಲ ಕೇಳಿ ‘ಇಷ್ಟೇನಾ?’ ಅಂದು ಎದ್ದು ಹೋದಳು. ನಾನು ಅಲ್ಲೇ ಕೂತು ಸಂಗೀತದ ಭಾಗ ಹಾಕಿದೆ. ಚಕ್ ಬೆರಿಯ ರಾಕ್ ಅಂಡ್ ರೋಲ್ ಆಯ್ತು, ನ್ಯೂ ಗಿನಿಯ ಒಂದು ಹಾಡಾಯ್ತು, ಆಮೇಲೆ ಒಂದು ಕೊಳಲು ಶುರುವಾಯ್ತು ನೋಡಿ.

ತಾಳ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಸ್ವರಕ್ಕಿಂತ ಮೊದಲು ಉಸಿರೇ ಕೇಳಿಸುತ್ತೆ. ಒಂದು ಸ್ವರ ನಿಂತು, ಜಾರಿ, ಸುಮ್ಮನಾಗಿ, ಇನ್ನೇನು ಮುಗೀತು ಅನ್ನುವಾಗ ಗಂಟಲಲ್ಲಿ ಪಾರಿವಾಳ ಗುಟುರು ಹಾಕಿದ ಹಾಗೆ ಗುಳುಗುಳು ಅನ್ನುತ್ತೆ. 4 ನಿಮಿಷ 51 ಸೆಕೆಂಡು. ಕುಕ್ಕರ್ ಮೂರು ಸಲ ಕೂಗಿದ್ದೂ ಗೊತ್ತಾಗಲಿಲ್ಲ, ಆ ವಿಷಯಕ್ಕೆ ಮನೇಲಿ ಬೇರೆ ಮಾತು ಕೇಳಿದೆ.

ಹೆಸರು ‘ಗೊರೋ ಯಾಮಾಗುಚಿ, ಶಾಕುಹಾಚಿ’ ಅಂತಷ್ಟೇ ಇದೆ. ಯಾರಿವರು? ಇದನ್ನೇ ಊದಿಕೊಂಡು ಜೀವನ ಮಾಡಿದ್ರಾ? ಕೇಳೋಕೆ ಕಾರಣ ಇದೆ. ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿ, ಈಗ ಕೊಳಲೇ ಸಾಕು ಅಂತ ಕೂತಿದ್ದಾನೆ. ಮನೇಲಿ ದಿನಾ ಮಹಾಭಾರತ.

ಕೃತ್ತಿಕೆ
ಮೊದಲು ನೌಕೆಯ ಲೆಕ್ಕ ಹೇಳಿಬಿಡ್ತೀನಿ, ಕೊಳಲಿನದ್ದು ತಿಳಿದವರು ಹೇಳಲಿ. ವಾಯೇಜರ್ 2 ಹೊರಟಿದ್ದು 1977ರ ಆಗಸ್ಟ್ 20ಕ್ಕೆ, 1 ಹೊರಟಿದ್ದು ಸೆಪ್ಟೆಂಬರ್ 5ಕ್ಕೆ. ಎರಡರಲ್ಲೂ ಒಂದೇ ತಟ್ಟೆ, 27 ಸಂಗೀತದ ತುಣುಕು. ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಆ ತಟ್ಟೆಯಲ್ಲಿ ಭೈರವಿ ಹಾಡಿದ ಕೇಸರ್‌ಬಾಯಿ ಕೇರ್ಕರ್ ತೀರಿಕೊಂಡಿದ್ದು ಅದೇ ಸೆಪ್ಟೆಂಬರ್ 16ಕ್ಕೆ, ನೌಕೆ ಹೊರಟ ಹನ್ನೊಂದನೇ ದಿನ. ಆ ಕೊಳಲಿನವರು ಆಗಿನ್ನೂ ನಲವತ್ತರ ಪ್ರಾಯದವರಿರಬೇಕು ಅಲ್ವಾ?

ಸೈತಾಮಾ ಕನ್ನಡತಿ
ಹೌದು ಕೃತ್ತಿಕೆ, 44. ಹುಟ್ಟಿದ್ದು 1933, ತೀರಿಕೊಂಡಿದ್ದು 1999ರ ಜನವರಿಯಲ್ಲಿ.

ನಾನು ಇಲ್ಲಿ ಜಪಾನಿನಲ್ಲಿ ಆರು ವರ್ಷದಿಂದ ಶಾಕುಹಾಚಿ, ಅಂದ್ರೆ ಇಲ್ಲಿನ ಬಿದಿರು ಕೊಳಲು, ಕಲೀತಿದ್ದೀನಿ. ಕಲೀತಿದ್ದೀನಿ ಅನ್ನೋದಕ್ಕಿಂತ ಬೈಸಿಕೊಳ್ತಿದ್ದೀನಿ ಅಂದ್ರೆ ಸರಿ. ಗೊತ್ತಿರೋದನ್ನ ಹೇಳ್ತೀನಿ, ಉದ್ದ ಆದ್ರೆ ಕ್ಷಮಿಸಿ.

ಯಾಮಾಗುಚಿ ಟೋಕಿಯೋದವರು. ಅಪ್ಪ ಯಾಮಾಗುಚಿ ಶಿರೋ ಕೂಡ ದೊಡ್ಡ ಹೆಸರಿನ ಶಾಕುಹಾಚಿ ವಾದಕರು. ಮಗ ಕಲಿತಿದ್ದು ಅಪ್ಪನ ಹತ್ತಿರವೇ. ಇವರ ಪರಂಪರೆ ಕಿಂಕೊ-ರ್‍ಯು. ನಮ್ಮಲ್ಲಿ ಘರಾನಾ ಅಂತೀವಲ್ಲ, ‘ರ್‍ಯು’ ಅಂದ್ರೆ ಹೆಚ್ಚೂಕಡಿಮೆ ಅದೇ. 18ನೇ ಶತಮಾನದಲ್ಲಿ ಕುರೊಸಾವಾ ಕಿಂಕೊ ಅನ್ನುವವರು ಊರೂರಿನ ಮಠಗಳಲ್ಲಿ ಊದುತ್ತಿದ್ದ ಕೃತಿಗಳನ್ನು ಕೂಡಿಸಿ ತಿದ್ದಿ 36 ಮಾಡಿಟ್ಟರು. ಅವಕ್ಕೆ ‘ಹೊನ್‌ಕ್ಯೊಕು’ ಅಂತಾರೆ, ಮೂಲಕೃತಿ ಅನ್ನಬಹುದು. ಒಬ್ಬರೇ ಊದುವಂಥವು. ನೀವು ಕೇಳಿದ್ದು ಅದರಲ್ಲೊಂದು: ‘ತ್ಸುರು ನೋ ಸುಗೊಮೊರಿ’, ಗೂಡು ಕಟ್ಟಿದ ಕೊಕ್ಕರೆಗಳು. ಜೋಡಿ ಹಕ್ಕಿ ಗೂಡು ಕಟ್ಟಿ, ಮರಿ ಸಾಕಿ, ಮರಿ ಹಾರಿಹೋಗುವ ಕತೆ. ನಿಮಗೆ ಪಾರಿವಾಳದ ಗುಟುರು ಅನ್ನಿಸಿದ ಜಾಗ ಇದೆಯಲ್ಲ, ಕೊಕ್ಕರೆ ಕೂಗೋದು, ರೆಕ್ಕೆ ಬಡಿಯೋದು ಎಲ್ಲ ಅಲ್ಲೇ. ನಾಲಿಗೆಯನ್ನೋ ಗಂಟಲನ್ನೋ ಅದುರಿಸಿ ಊದ್ತಾರೆ. ತಟ್ಟೆಯಲ್ಲಿರೋದು ಪೂರ್ತಿ ಕೃತಿ ಅಲ್ಲ, ತುಂಡು. ಮೂಲ ಎಲ್ಪಿಯಲ್ಲಿ ಅದು ಒಂದು ಇಡೀ ಬದಿ ತುಂಬಿಕೊಂಡಿದೆ.

ಇನ್ನು ಜೀವನ. 1967–68ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಪಾಠ ಹೇಳೋಕೆ ಹೋದ್ರು. 1969ರಲ್ಲಿ ಆ ಎಲ್ಪಿ ಹೊರಬಂತು, ಹೊರದೇಶದವರು ಶಾಕುಹಾಚಿ ಅಂದ್ರೆ ಮೊದಲು ಕೇಳಿದ್ದೇ ಅದನ್ನ. ಆಮೇಲೆ ಟೋಕಿಯೋ ಕಲಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. 1992ರಲ್ಲಿ ಸರ್ಕಾರ ‘ನಿಂಗೆನ್ ಕೊಕುಹೊ’ ಮಾಡಿತು. ಜೀವಂತ ರಾಷ್ಟ್ರನಿಧಿ ಅಂತ ಅರ್ಥ, ಇಲ್ಲಿ ಕಲಾವಿದರಿಗೆ ಅದಕ್ಕಿಂತ ದೊಡ್ಡದು ಕಡಿಮೆ.

ವೆಸ್ಲಿಯನ್ ಅಂದೆನಲ್ಲ, ಅಲ್ಲೊಂದು ತಮಾಷೆ ಇದೆ. ಆ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ದೇಶದ ಸಂಗೀತ ಕಲಿಸೋ ವ್ಯವಸ್ಥೆ ಕಟ್ಟಿದ ರಾಬರ್ಟ್ ಬ್ರೌನ್ ಡಾಕ್ಟರೇಟ್ ಮಾಡಿದ್ದು ನಮ್ಮ ಮೃದಂಗದ ಮೇಲೆ. ಕೇಸರ್‌ಬಾಯಿಯ ಭೈರವಿಯನ್ನು ತಟ್ಟೆಗೆ ಸೂಚಿಸಿದವರೂ ಅವರೇ. ಮುಂದಿನ ದಶಕದಲ್ಲಿ ಕರ್ನಾಟಕ ಸಂಗೀತದ ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅದೇ ಕ್ಯಾಂಪಸ್ಸಿಗೆ ಮೇಷ್ಟ್ರಾಗಿ ಬಂದರು.

ತರಲೆ ತಿಮ್ಮ
ಅಂದ್ರೆ ಮೇಷ್ಟ್ರ ಕೆಲಸ! ನಾನು ತಲೆಗೆ ಬುಟ್ಟಿ ಹಾಕ್ಕೊಂಡು ಬೆಟ್ಟದ ಮೇಲೆ ಕೂತು ಝೆನ್ ಧ್ಯಾನ ಮಾಡೋ ಸನ್ಯಾಸಿ ಅಂದ್ಕೊಂಡಿದ್ದೆ. ಯೂಟ್ಯೂಬಲ್ಲಿ ಶಾಕುಹಾಚಿ ಅಂತ ಹಾಕಿದ್ರೆ ‘ನಿದ್ದೆಗೆ 8 ಗಂಟೆ ಝೆನ್ ಸಂಗೀತ’ ಅಂತಲೇ ಬರೋದು. ಹಿಂದೆ ಜಲಪಾತ ಬೇರೆ ಸುರೀತಿರುತ್ತೆ.

ಸೈತಾಮಾ ಕನ್ನಡತಿ
ತಿಮ್ಮಣ್ಣ, ಬುಟ್ಟಿ ಸುಳ್ಳಲ್ಲ. ಕೊಮುಸೊ ಅಂತ ಫುಕೆ ಪಂಥದ ಸನ್ಯಾಸಿಗಳಿದ್ದರು, ಮುಖ ಪೂರ್ತಿ ಮುಚ್ಚುವ ಹುಲ್ಲಿನ ಬುಟ್ಟಿ ಹಾಕಿಕೊಂಡು ಮನೆ ಮುಂದೆ ಊದಿ ಭಿಕ್ಷೆ ಎತ್ತುತ್ತಿದ್ದರು. ಅವರಿಗೆ ಊದೋದೇ ಧ್ಯಾನ. ಅದರಲ್ಲಿ ಯಜಮಾನನಿಲ್ಲದ ಸಮುರಾಯ್‌ಗಳೂ ಸೇರಿಕೊಂಡಿದ್ದರು. ನಾವು ಎಲ್ಲಿ ಬೇಕಾದರೂ ತಿರುಗಬಹುದು ಅಂತ 1614ರ ಒಂದು ರಾಜಾಜ್ಞೆ ತೋರಿಸ್ತಿದ್ರು, ಅದು ಅವರೇ ಬರಕೊಂಡ ನಕಲಿ ಪತ್ರ ಅಂತ ವಿದ್ವಾಂಸರ ಅಭಿಪ್ರಾಯ. 1871ರಲ್ಲಿ ಮೇಜಿ ಸರ್ಕಾರ ಆ ಪಂಥವನ್ನೇ ರದ್ದು ಮಾಡಿತು. ಒಂದೇ ಏಟಿಗೆ ಭಿಕ್ಷೆ ಹೋಯ್ತು, ಮಠ ಹೋಯ್ತು.

ಕೊಳಲು ಉಳಿದಿದ್ದು ಹೇಗೆ ಅಂದ್ರೆ, ಅರಾಕಿ ಕೊದೊ ಅಂಥವರು ಸರ್ಕಾರದ ಬಾಗಿಲಿಗೆ ಅಲೆದು, ‘ಇದು ಬರೀ ಪೂಜೆ ಸಾಮಾನಲ್ಲ, ವಾದ್ಯ’ ಅಂತ ಒಪ್ಪಿಸಿದ್ದಕ್ಕೆ. ಆಮೇಲೆ ಶಾಕುಹಾಚಿ ಕೋತೋ, ಶಾಮಿಸೆನ್ ಅನ್ನೋ ತಂತಿವಾದ್ಯಗಳ ಜೊತೆ ಕೂತು ಸಂಸಾರಸ್ಥರ ಮನೆಯ ವಾದ್ಯ ಆಯ್ತು. ಆ ಮೂರರ ಕೂಟಕ್ಕೆ ‘ಸಾಂಕ್ಯೊಕು’ ಅಂತಾರೆ. ಯಾಮಾಗುಚಿ ಬೆಳೆದಿದ್ದು ಈ ಲೋಕದಲ್ಲಿ. ನಾವು ಹೊರಗಿನವರು ಅವರ ಒಂಟಿ ಊದುವಿಕೆಯನ್ನಷ್ಟೇ ಕೇಳಿ ಸನ್ಯಾಸಿ ಅಂದ್ಕೊಂಡ್ವಿ. ಅವರು ಕೋತೋ ಬಾರಿಸೋರ ಪಕ್ಕ ಕೂತು, ಅವರ ಹಾಡಿಗೆ ಅಡ್ಡ ಬರದ ಹಾಗೆ ಊದೋದರಲ್ಲೂ ಅಷ್ಟೇ ಪಳಗಿದ್ದವರು.

ಧಾರವಾಡದ ಕೊಳಲು
ಅಕ್ಕಾರ, ಭಾಳ ಛಲೋ ಬರದೀರಿ. ನಾ ಬಾನ್ಸುರಿ ಕಲಸಾಂವ, ಸಂಜಿಗೆ ಹತ್ತು ಹನ್ನೆರಡು ಹುಡುಗ್ರು ಬರ್ತಾವ. ನಿನ್ನೆ ರಾತ್ರಿ ಆ ತುಣುಕು ತಂಬೂರಿ ಹಚ್ಚಿ ಕೇಳಿದೆ. ಒಂದ್ ಮಾತ್ ಕೇಳ್ತೀನಿ. ಷಡ್ಜ ಹಿಡದು ನೋಡಿದ್ರ ಕೊಳಲಿನ ತೂತು ಬಿಚ್ಚಿದಾಗ ಬರೋದು ಸ, ಕೋಮಲ ಗ, ಮ, ಪ, ಕೋಮಲ ನಿ ಇದ್ದಂಗ ಅನಸ್ತದ. ಅಂದ್ರ ನಮ್ಮ ಧಾನಿ ರಾಗ. ಆದ್ರ ಅವರು ಊದೂ ಮುಂದ ಕೋಮಲ ರಿಷಭ, ಕೋಮಲ ಧೈವತ ಎಲ್ಲಿಂದ ಬರ್ತಾವ? ಗುಣಕ್ರಿ ಛಾಯಾ ಹೊಡೀತದ. ಅದಕ್ಕ ತೂತು ಐದs ಅಂತ ಕೇಳೀನಿ.

ಸೈತಾಮಾ ಕನ್ನಡತಿ
ಸರ್, ನೀವು ಕಿವಿಯಲ್ಲೇ ಹಿಡಿದುಬಿಟ್ರಿ! ತೂತು ಐದೇ: ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೊಂದು. ತೂತಿನ ಸ್ವರ ನೀವು ಹೇಳಿದ ಧಾನಿಯೇ (ಕರ್ನಾಟಕಿಯವರಿಗೆ ಶುದ್ಧ ಧನ್ಯಾಸಿ). ಕೃತಿಗೆ ಬೇಕಾದ ಸ್ವರ ಬೇರೆ. ಆ ಎರಡರ ನಡುವೆ ಇರೋದೇ ಶಾಕುಹಾಚಿ ಕಲೆ.

ಇದು ಅಡ್ಡ ಹಿಡಿಯುವ ಕೊಳಲಲ್ಲ, ನೆಟ್ಟಗೆ ಹಿಡಿದು ತುದಿಯ ಅಂಚಿಗೆ ಊದೋದು. ಗದ್ದ ಇಳಿಸಿ, ತೂತನ್ನು ಅರ್ಧ ಮುಚ್ಚಿದರೆ ಸ್ವರ ಕೆಳಗೆ ಜಾರುತ್ತೆ, ಮಂಕಾಗುತ್ತೆ. ಅದು ‘ಮೆರಿ’. ತಲೆ ಎತ್ತಿದರೆ ಸ್ವರ ಏರಿ ಗಟ್ಟಿಯಾಗುತ್ತೆ, ಅದು ‘ಕಾರಿ’. ನಿಮ್ಮ ಕೋಮಲ ರಿಷಭ ಹುಟ್ಟೋದು ಕೋಮಲ ಗಾಂಧಾರದ ತೂತಿನಲ್ಲೇ, ಗದ್ದ ಇಳಿಸಿ. ಹಾಗಾಗಿ ಅದು ಪಕ್ಕದ ಸ್ವರಕ್ಕಿಂತ ಸಣ್ಣ ದನಿಯಲ್ಲೇ ಬರಬೇಕು. ಆ ಮಂಕನ್ನು ದೋಷ ಅಂತ ತಿದ್ದೋ ಹಾಗಿಲ್ಲ, ರುಚಿ ಇರೋದೇ ಅಲ್ಲಿ. ನನ್ನ ಮೊದಲ ವರ್ಷ ನಾನು ಎಲ್ಲ ಸ್ವರ ಒಂದೇ ಸಮ ಜೋರಾಗಿ ಬರಲಿ ಅಂತ ಒದ್ದಾಡಿದೆ. ಗುರುಗಳು ಕೇಳಿ ಕೇಳಿ ಸಾಕಾಗಿ, ‘ನಿಮ್ಮದು ತುತ್ತೂರಿ ಆಯ್ತು’ ಅಂದ್ರು.

ಇಲ್ಲಿ ಒಂದು ಗಾದೆ ಇದೆ, ‘ಕುಬಿಫುರಿ ಸಾನ್‌ನೆನ್, ಕೊರೊ ಹಚಿನೆನ್’. ತಲೆ ಅಲ್ಲಾಡಿಸೋದಕ್ಕೆ ಮೂರು ವರ್ಷ, ‘ಕೊರೊ’ ಹೊರಡಿಸೋದಕ್ಕೆ ಎಂಟು ವರ್ಷ. ಕೊರೊ ಅಂದ್ರೆ ಕೆಳಗಿನ ಎರಡು ತೂತನ್ನು ಒಂದಾದ ಮೇಲೊಂದು ತೆರೆದು ಮುಚ್ಚಿ ತೆಗೆಯೋ ನೀರಿನಂಥ ಸದ್ದು, ಕೊರೊ ಕೊರೊ ಕೊರೊ ಅಂತ. ಕೊಕ್ಕರೆ ಕೃತಿಯಲ್ಲಿ ಅದೂ ಬರುತ್ತೆ. ನನಗೆ ಇನ್ನೂ ಎರಡು ವರ್ಷ ಬಾಕಿ ಇದೆ, ಗಾದೆ ನಂಬಿದರೆ.

ಪಾಠದಲ್ಲಿ ಮಾತು ಕಡಿಮೆ. ಎದುರುಬದುರು ಮಂಡಿಯೂರಿ ಕೂತು ಇಬ್ಬರೂ ಒಟ್ಟಿಗೆ ಊದೋದು. ಸ್ವರಲಿಪಿ ಇದೆ: ರೋ, ತ್ಸು, ರೆ, ಚಿ ಅಂತ ಅಕ್ಷರಗಳು, ಮೇಲಿಂದ ಕೆಳಕ್ಕೆ ಬರೆದಿರೋದು. ಆದರೆ ಎಲ್ಲಿ ಎಷ್ಟು ಉಸಿರು ಅನ್ನೋದು ಹಾಳೆಯಲ್ಲಿ ಇಲ್ಲ, ಎದುರಿಗೆ ಕೂತವರಲ್ಲಿದೆ.

ಧಾರವಾಡದ ಕೊಳಲು
ಗುರುಮುಖದಿಂದ ಅಂದಂಗಾತು. ನಮ್ಮಲ್ಲಿನೂ ಅಷ್ಟs. ಪುಸ್ತಕ ನೋಡಿ ಮೀಂಡ್ (ಸ್ವರ ಜಾರಸೋದು) ಕಲಿತಾಂವನ್ನ ನಾ ಇನ್ನೂ ನೋಡಿಲ್ಲ.

ಬಳ್ಳಾರಿ ಬಿಸಿಲು
ಇದನ್ನ ಓದಿ ನನ್ನ ಹಳೆ ಗಾಯ ಕೆರೆದಂಗಾಯ್ತು. ಐದಾರು ವರ್ಷದ ಹಿಂದೆ ಕಂಪನಿ ಕೆಲಸಕ್ಕೆ ಜಪಾನಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಶಾಕುಹಾಚಿ ತಂದಿದ್ದೆ. ಎಷ್ಟು ಕೊಟ್ಟೆ ಅಂತ ಮನೆಯವಳಿಗೆ ಇವತ್ತಿಗೂ ಹೇಳಿಲ್ಲ. ಶೋಕೇಸಲ್ಲಿ ನಿಲ್ಲಿಸಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮಲಗಿದ್ದಾಗ ಠಪ್ ಅಂತ ಸದ್ದು. ಹಲ್ಲಿ ಏನೋ ಬೀಳಿಸ್ತು ಅಂದ್ಕೊಂಡೆ. ಎದ್ದು ನೋಡಿದ್ರೆ ಮೇಲಿಂದ ಮಧ್ಯದವರೆಗೆ ಸೀಳು. ಆಮೇಲೆ ಊದಿದ್ರೆ ಬರೀ ಗಾಳಿ.

ಸೈತಾಮಾ ಕನ್ನಡತಿ
ಅಯ್ಯೋ! ಬಳ್ಳಾರಿ ಒಣಹವೆಗೆ ಅದು ತಡೆಯಲ್ಲ ಅಣ್ಣಾ. ಶಾಕುಹಾಚಿಯನ್ನು ಮಾದಾಕೆ ಅನ್ನೋ ಬಿದಿರಿನ ಬುಡದ ತುಂಡಿನಿಂದ, ಬೇರಿನ ಸಮೇತ ಮಾಡ್ತಾರೆ. ಗೋಡೆ ದಪ್ಪ, ಒಳಗಡೆ ಅರಗಿನ ಲೇಪ. ಹೊರಮೈ ಒಣಗಿ ಕುಗ್ಗುತ್ತೆ, ಒಳಗಿನದು ಜಗ್ಗಲ್ಲ, ಸೀಳುತ್ತೆ. ಇಲ್ಲೂ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಬಿಟ್ರೆ ಅದೇ ಗತಿ. ಊದಿ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡ್ತೀವಿ. ಸೀಳು ಬಿಟ್ಟದ್ದನ್ನ ದಾರ ಬಿಗಿದು ಸರಿ ಮಾಡೋರಿದ್ದಾರೆ, ಎಸೀಬೇಡಿ.

ಬಳ್ಳಾರಿ ಬಿಸಿಲು
ಎಸೆದಿಲ್ಲ. ಈಗ ಅದರಲ್ಲಿ ಊದುಬತ್ತಿ ಇಡ್ತಾಳೆ.

ಜಾಝ್ ಜಯನಗರ
ತಡವಾಗಿ ಬಂದೆ. ಎಲ್ಲರೂ ಯಾಮಾಗುಚಿಯನ್ನೇ ಹೊಗಳ್ತಿದ್ದೀರಿ, ನನ್ನದೊಂದು ತಕರಾರು. ವೃತ್ತಿ ಅಂತ ಕೇಳಿದ್ರೆ ಉದಾಹರಣೆಗೆ ತಗೋಬೇಕಾದವರು ಹೊಝಾನ್ ಯಾಮಾಮೊತೊ. 1937ರಲ್ಲಿ ಓತ್ಸುನಲ್ಲಿ ಹುಟ್ಟಿದವರು, ಇನ್ನೊಂದು ಪರಂಪರೆ, ತೊಝಾನ್-ರ್‍ಯು. 1967ರಲ್ಲಿ ಜಪಾನಿನ ಬಿಗ್ ಬ್ಯಾಂಡ್ ಜೊತೆ ನ್ಯೂಪೋರ್ಟ್ ಜಾಝ್ ಉತ್ಸವಕ್ಕೆ ಹೋದ್ರು. 1970ರಲ್ಲಿ ಪಿಯಾನೋ, ಬಾಸ್, ಡ್ರಮ್ಸ್ ಜೊತೆ ‘ಗಿಂಕಾಯ್’ ಆಲ್ಬಂ ಮಾಡಿದ್ರು, ಅದು ಈವತ್ತಿಗೂ ನನ್ನ ಕಾರಲ್ಲಿದೆ. 1978ರಲ್ಲಿ ನಮ್ಮ ರವಿಶಂಕರ್ ಜೊತೆ ರೆಕಾರ್ಡು. ಕೊನೆಗೆ 2002ರಲ್ಲಿ ಅವರೂ ರಾಷ್ಟ್ರನಿಧಿಯೇ. ಅಂದ್ರೆ ಹೊರಗೆ ಹೋಗಿ ಎಲ್ಲರ ಜೊತೆ ನುಡಿಸಿದ್ರೂ ಕಳ್ಕೊಂಡದ್ದೇನೂ ಇಲ್ಲ. ನಿಮ್ಮ ಯಾಮಾಗುಚಿ ಅಪ್ಪ ಹೇಳಿಕೊಟ್ಟಿದ್ದನ್ನೇ ಊದಿದ್ರು.

ಸೈತಾಮಾ ಕನ್ನಡತಿ
ಹೊಝಾನ್ ಅವರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ‘ಅಪ್ಪ ಹೇಳಿಕೊಟ್ಟಿದ್ದನ್ನೇ’ ಅನ್ನೋದು ಹಗುರವಾಯ್ತು. ಅದೇ ಕಿಂಕೊ ಕೃತಿಗಳನ್ನು ಬೇರೆಯವರು ಊದಿದ್ದನ್ನೂ ಇವರು ಊದಿದ್ದನ್ನೂ ಒಂದರ ಪಕ್ಕ ಒಂದು ಕೇಳಿ ನೋಡಿ. ಒಂದು ಸ್ವರ ಬಿಟ್ಟು ಇನ್ನೊಂದಕ್ಕೆ ಹೋಗುವ ಮುಂಚೆ ಇವರು ತಡೆಯೋ ಆ ಅರೆ ಕ್ಷಣ ಇದೆಯಲ್ಲ, ಅದನ್ನ ಯಾವ ಅಪ್ಪನೂ ಹೇಳಿಕೊಡೋಕಾಗಲ್ಲ. ಅಲ್ಲದೆ ನೀವು ಹೇಳಿದ ತೊಝಾನ್-ರ್‍ಯು ಶುರುವಾಗಿದ್ದೇ 1896ರಲ್ಲಿ, ಓಸಾಕಾದಲ್ಲಿ. ಹುಟ್ಟುವಾಗಲೇ ಹೊಸ ಕೃತಿ, ಹೊಸ ಲಿಪಿ, ಸಮೂಹ ವಾದನ ಅಂತ ಹುಟ್ಟಿದ್ದು. ಹೊಝಾನ್ ಅಲ್ಲಿಂದ ಜಾಝಿಗೆ ದಾಟಿದ್ದು ನಾವಂದುಕೊಳ್ಳೋಷ್ಟು ದೂರದ ಜಿಗಿತ ಅಲ್ಲ.

ಬೇಕಿದ್ರೆ ಮೂರನೆಯವರನ್ನ ತಗೊಳ್ಳಿ, ಯೊಕೊಯಾಮಾ ಕಾತ್ಸುಯಾ. 1967ರ ನವೆಂಬರ್ 9ಕ್ಕೆ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ತನ್ನ 125ನೇ ವರ್ಷಕ್ಕೆ ಜಪಾನಿನ ಸಂಗೀತ ಸಂಯೋಜಕ ತಾಕೆಮಿತ್ಸು ಹತ್ತಿರ ಬರೆಸಿದ ‘ನವೆಂಬರ್ ಸ್ಟೆಪ್ಸ್’ ನುಡಿಸಿದಾಗ, ಆ ದೊಡ್ಡ ವಾದ್ಯವೃಂದದ ಮುಂದೆ ಶಾಕುಹಾಚಿ ಹಿಡಿದು ಕೂತಿದ್ದು ಅವರು. ಪಕ್ಕದಲ್ಲಿ ಬಿವಾ ಅನ್ನೋ ತಂತಿವಾದ್ಯ ಹಿಡಿದ ತ್ಸುರುತಾ ಕಿನ್‌ಶಿ, ವಾದ್ಯವೃಂದ ನಡೆಸೋ ಕೋಲು ಸೇಯ್ಜಿ ಒಝಾವಾ ಕೈಲಿ. ಆ ಕೃತಿಯಲ್ಲಿ ಎರಡು ಗುಂಪು ಕೂಡಿ ಸಾಮರಸ್ಯ ಸಾಧಿಸೋ ಪ್ರಯತ್ನವೇ ಇಲ್ಲ. ವಾದ್ಯವೃಂದ ಒಂದು ದಡ, ಇವರಿಬ್ಬರು ಇನ್ನೊಂದು ದಡ. ನನಗೆ ಅದು ಇಷ್ಟ.

ತರಲೆ ತಿಮ್ಮ
1967ರಲ್ಲಿ ಒಬ್ಬರು ವೆಸ್ಲಿಯನ್‌ನಲ್ಲಿ, ಒಬ್ಬರು ನ್ಯೂಪೋರ್ಟ್‌ನಲ್ಲಿ, ಒಬ್ಬರು ನ್ಯೂಯಾರ್ಕ್‌ನಲ್ಲಿ! ಅಮೆರಿಕದವರು ಆ ವರ್ಷ ಬೇರೆ ಏನೂ ಕೇಳಲೇ ಇಲ್ವಾ?

ಜಾಝ್ ಜಯನಗರ
ಆ ವರ್ಷ ಮಾಂಟರೆ ಸಂಗೀತೋತ್ಸವದಲ್ಲಿ ರವಿಶಂಕರ್ ಸಿತಾರ್ ನುಡಿಸಿದ್ದೂ ಇದೆ ತಿಮ್ಮ. ಗಾಳಿಯೇ ಹಾಗೆ ಬೀಸ್ತಿತ್ತು. ಸೈತಾಮಾ ಮೇಡಂ, ಅರೆ ಕ್ಷಣದ ಮಾತು ಒಪ್ಪಿದೆ. ‘ದೂರದ ಜಿಗಿತ ಅಲ್ಲ’ ಅನ್ನೋದು ಒಪ್ಪಲ್ಲ. ‘ಗಿಂಕಾಯ್’ನಲ್ಲಿ ಗ್ಯಾರಿ ಪೀಕಾಕ್ ಬಾಸ್ ನುಡಿಸ್ತಿರುವಾಗ ಪಕ್ಕದಲ್ಲಿ ಐದು ತೂತಿನ ಬಿದಿರು ಹಿಡಿದು ನಿಲ್ಲೋಕೆ ಗುಂಡಿಗೆ ಬೇಕು.

ಹೊಸಕೆರೆಹಳ್ಳಿ ಹುಡುಗ
ಎಲ್ಲರಿಗೂ ದೊಡ್ಡ ನಮಸ್ಕಾರ. ಅಕ್ಕನ ಮನೆಗೆ ಭಾನುವಾರ ಹೋಗಿದ್ದೆ. ಅಳಿಯನಿಗೆ ಈ ಎಳೆ ಓದೋಕೆ ಕೊಟ್ಟೆ. ಅವನು ಹೊಝಾನ್ ಪಾರ್ಟಿ, ಭಾವ ಯಾಮಾಗುಚಿ ಪಾರ್ಟಿ (‘ನೋಡು, ಯೂನಿವರ್ಸಿಟಿ ಕೆಲಸ ಇತ್ತು ಅವರಿಗೆ’). ಅಕ್ಕ ಮಾತ್ರ, ‘ಇವರಲ್ಲಿ ಯಾರೂ ಮೊದಲು ಇಂಜಿನಿಯರಿಂಗ್ ಓದಿರಲಿಲ್ವಾ?’ ಅಂತ ಕೇಳಿದ್ಲು. ಉತ್ತರ ಇದ್ರೆ ಹೇಳಿ.

ಇನ್ನೊಂದು. ಜಪಾನಿನಲ್ಲಿ ಇವತ್ತು ಕಲಿತವರಿಗೆ ದುಡ್ಡು ಎಲ್ಲಿಂದ ಬರುತ್ತೆ? ಕಛೇರಿಯಿಂದಾನಾ?

ಸೈತಾಮಾ ಕನ್ನಡತಿ
ಕಛೇರಿಯೊಂದನ್ನೇ ನೆಚ್ಚಿದವರನ್ನ ನಾನು ನೋಡಿಲ್ಲ. ಪಾಠವೇ ಬೇರು. ಶಿಷ್ಯರಿಗೆ ಒಂದು ಹಂತಕ್ಕೆ ಬಂದ ಮೇಲೆ ಪರಂಪರೆಯ ಹೆಸರು ಕೊಡ್ತಾರೆ, ಆಮೇಲೆ ‘ಶಿಹಾನ್’ ಅಂತ ಪಾಠ ಹೇಳುವ ಅನುಮತಿ. ಪ್ರತಿ ಮೆಟ್ಟಿಲಿಗೂ ಕಾಣಿಕೆ ಇರುತ್ತೆ. ತೊಝಾನ್‌ನವರ ಹೆಸರು ‘ಝಾನ್’ ಅಂತ ಮುಗಿಯೋದು ಅದಕ್ಕೇ, ಝಾನ್ ಅಂದ್ರೆ ಬೆಟ್ಟ. ಕ್ಯಾಲಿಫೋರ್ನಿಯಾದ ಜಾನ್ ನೆಪ್ಚೂನ್ ಕೂಡ ಆ ಪರಂಪರೆಯಲ್ಲಿ ಕಲಿತು ‘ಕಾಯ್‌ಝಾನ್’ ಆದರು, ಕಡಲಬೆಟ್ಟ. ಅವರು ಕೊಳಲನ್ನೂ ತಾವೇ ಮಾಡ್ತಾರೆ. ಟೆಕ್ಸಾಸ್‌ನಲ್ಲಿ ಹುಟ್ಟಿದ ರೈಲಿ ಲೀ ಮೊದಲು ತಾಯ್ಕೊ ಡೊಳ್ಳಿನ ತಂಡ ಸೇರಿ ಮೈ ಮುರಿದು ದುಡಿದರು. 1980ರಲ್ಲಿ ‘ದಾಯ್ ಶಿಹಾನ್’ ಪದವಿ ಪಡೆದರು, ಜಪಾನಿನವರಲ್ಲದವರಲ್ಲಿ ಅವರೇ ಮೊದಲು. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ಪಾಠ, ರೆಕಾರ್ಡು, ಡಾಕ್ಟರೇಟು.

ನಿಮ್ಮಕ್ಕನಿಗೆ ಇಂಜಿನಿಯರ್ ಉತ್ತರ ನನ್ನ ಹತ್ತಿರ ಇಲ್ಲ. ನಮ್ಮ ತರಗತಿಯಲ್ಲಿ ಮಾತ್ರ ನಾಲ್ಕು ಜನ ಇದ್ದಾರೆ, ನನ್ನನ್ನೂ ಸೇರಿಸಿ. ಯಾರೂ ಕೆಲಸ ಬಿಟ್ಟಿಲ್ಲ.

ಧಾರವಾಡದ ಕೊಳಲು
ಹುಡುಗನ್ನ ನನ್ನ ಕಡೆ ಕಳಸ್ರಿ, ಒಂದ್ ವಾರ ಇರ್ಲಿ. ಮುಂಜಾನೆ ನಾಕಕ್ಕ ಎಬ್ಬಿಸಿ ಬರೇ ಖರಜ (ಮಂದ್ರದ ಸ್ವರ) ಊದಸ್ತೀನಿ. ಆಮ್ಯಾಲೆ ಅವನs ಹೇಳ್ಲಿ ನೌಕ್ರಿ ಬೇಕೋ ಬ್ಯಾಡೋ ಅಂತ. ಚಾ ನಾಷ್ಟಾ ನಂದು.

ಹೊಸಕೆರೆಹಳ್ಳಿ ಹುಡುಗ
ಸರ್, ನಿಜವಾಗ್ಲೂ ಕಳಿಸಿಬಿಡ್ತೀನಿ! ಮೆಸೇಜ್ ಹಾಕ್ತೀನಿ.

ನಾಚಿಕೆ ಬಿಟ್ಟು ಕೊನೇ ಪ್ರಶ್ನೆ. ಶಾಕುಹಾಚಿ ಕೊಳ್ಳೋ ಯೋಗ್ಯತೆ ಇಲ್ಲ, ಬಳ್ಳಾರಿಯವರ ಕತೆ ಕೇಳಿ ಧೈರ್ಯವೂ ಇಲ್ಲ. ಪಿವಿಸಿ ಪೈಪಿನಲ್ಲಿ ಮಾಡಬಹುದು ಅಂತ ಎಲ್ಲೋ ಓದಿದೆ. ನಿಜಾನಾ?

ಸೈತಾಮಾ ಕನ್ನಡತಿ
ನಿಜ, ಎಷ್ಟೋ ಜನ ಹಾಗೇ ಶುರು ಮಾಡಿರೋದು. ಮುಕ್ಕಾಲು ಇಂಚಿನ ಪೈಪ್ ತಗೊಳ್ಳಿ, ಒಳಗಿನ ಅಗಲ 20 ಮಿಲಿಮೀಟರ್ ಹತ್ತಿರ ಇರಲಿ. ಉದ್ದ 54.5 ಸೆಂಟಿಮೀಟರ್. ಆ ಅಳತೆಯೇ ಅದರ ಹೆಸರು: ಒಂದು ಶಾಕು ಎಂಟು ಸುನ್, ‘ಹಾಚಿ’ ಅಂದ್ರೆ ಎಂಟು. ತುದಿಯನ್ನ ಹೊರಗಡೆಯಿಂದ ಓರೆಯಾಗಿ ಉಜ್ಜಿ, ಅಂಚು ಚೂಪಾಗಬೇಕು. ತೂತು ಈಗಲೇ ಕೊರೀಬೇಡಿ. ಮೊದಲು ಖಾಲಿ ಪೈಪಿನಲ್ಲೇ ‘ರೋ’ ಬರಲಿ, ಅದು ಎಲ್ಲ ಮುಚ್ಚಿದಾಗಿನ ಸ್ವರ. ಪೈಪನ್ನ ಗದ್ದಕ್ಕೆ ಆನಿಸಿ, ಖಾಲಿ ಬಾಟಲಿ ಊದ್ತೀವಲ್ಲ, ಹಾಗೆ.

ಹೊಸಕೆರೆಹಳ್ಳಿ ಹುಡುಗ
ಹಾರ್ಡ್‌ವೇರ್ ಅಂಗಡಿಯವನು ಅರ್ಧ ಮೀಟರ್ ಕೊಡಲ್ಲ, ಪೂರ್ತಿ ಉದ್ದವೇ ತಗೋಬೇಕು ಅಂದ. ಅಷ್ಟೂ ತಂದಿದ್ದೀನಿ, ಐದು ಕೊಳಲಿಗಾಗುತ್ತೆ. ಉಜ್ಜೋಕೆ 120ರ ಮರಳು ಕಾಗದ ಸಾಕಾ, ಅರ ಬೇಕಾ?

ತರಲೆ ತಿಮ್ಮ
ಅರ. ಮಿಕ್ಕ ಪೈಪಲ್ಲಿ ನನಗೂ ಒಂದು.